ಹಡಗಿನ ನಡುಮನೆ

ಹಾನಗಲ್ಲ

ಈ ಹಡಗು ಹತ್ತುವ ಮೊದಲು ನಾನು ಸಮುದ್ರದ ದಂಡೆಗೆ ಹೋದದ್ದು ಒಂದೇ ಸಲ, ಅದೂ ಬೆನ್ನು ತಿರುಗಿಸಿ ನಿಲ್ಲುವುದಕ್ಕೆ. ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಗೋಕರ್ಣಕ್ಕೆ ಹೋಗಿದ್ದೆವು. ಒಂದು ಮಗುವೂ ನೀರಿಗೆ ಇಳಿಯಕೂಡದು ಎಂದು ಹೆಡ್‌ಮಾಸ್ತರರ ಕಟ್ಟಪ್ಪಣೆ. ಹೀಗಾಗಿ ಅಲೆಗೂ ಮಕ್ಕಳಿಗೂ ನಡುವೆ ನಿಂತು, ಮುಖ ಮಕ್ಕಳ ಕಡೆ ಮಾಡಿ, ಎರಡು ತಾಸು ತಲೆ ಎಣಿಸಿದೆ. ತಲೆಗಳೆಲ್ಲ ಸರಿಯಾಗಿ ಸಿಕ್ಕವು. ಸಮುದ್ರ ಹೇಗಿತ್ತು ಎಂದು ಯಾರಾದರೂ ಕೇಳಿದರೆ, ಹಿಮ್ಮಡಿ ಒದ್ದೆ ಮಾಡುತ್ತಿತ್ತು ಎಂದಷ್ಟೇ ಹೇಳಬಲ್ಲೆ.

ಭೂಮಿಯ ಮುಕ್ಕಾಲು ಪಾಲು ನೀರು ಎಂದು ಮೂವತ್ತೆರಡು ವರ್ಷ ಪಾಠ ಹೇಳಿದವಳ ಸ್ಥಿತಿ ಇದು. ನಿವೃತ್ತಳಾದ ದಿನ ಹಾರ ತುರಾಯಿ ಹೊತ್ತು ಮನೆಗೆ ಬಂದೆ. ನಮ್ಮ ಮನೆಯವರು, "ಅಕ್ಕೋರ, ಏನ್ ಬೇಕು ಕೇಳ್ರಿ, ಕೊಡಸ್ತೇನಿ" ಎಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಊರೆಲ್ಲ ಕರೆದದ್ದನ್ನು ಕೇಳಿ ಕೇಳಿ ಕಟ್ಟಿಕೊಂಡ ಗಂಡನೂ ಚೇಷ್ಟೆಗೆ ಹಾಗೇ ಕರೆಯುತ್ತಾರೆ. ಅವರಿಗೆ ಹಾನಗಲ್ಲಿನ ಪೇಟೆಯಲ್ಲಿ ಹಗ್ಗ, ಗೋಣಿಚೀಲ, ತಾಡಪತ್ರಿಯ ಅಂಗಡಿ ಇದೆ. ಬಂಗಾರ ಕೇಳುತ್ತೇನೆ ಎಂದು ತಿಳಿದಿದ್ದರು.

"ಒಂದು ವಾರ ಕಿಡಕಿ ಇರೋ ಖೋಲ್ಯಾಗ ಇರಬೇಕ್ರಿ. ಕಿಡಕ್ಯಾಚೆ ಬರೇ ಸಮುದ್ರ ಇರಬೇಕು" ಎಂದೆ.

ಇದು ದಿಢೀರನೆ ಹುಟ್ಟಿದ ಆಸೆಯಲ್ಲ. ನನ್ನ ತವರು ಸವಣೂರು. ಅಲ್ಲಿ ಅಡುಗೆ ಮನೆಯ ಕಿಟಕಿ ತೆರೆದರೆ ಎಲೆಬಳ್ಳಿಯ ತೋಟ. ಲಗ್ನವಾಗಿ ಹಾನಗಲ್ಲಿಗೆ ಬಂದರೆ ಅಡುಗೆ ಮನೆಗೆ ಕಿಟಕಿಯೇ ಇಲ್ಲ. ಹೊರಗಿನವರ ಕಣ್ಣು ಅಡುಗೆಯ ಮೇಲೆ ಬೀಳಬಾರದು ಎಂದು ಹಿಂದಿನವರು ನಾಲ್ಕೂ ಕಡೆ ಗೋಡೆ ಎಬ್ಬಿಸಿ, ಮಾಳಿಗೆಗೆ ಒಂದು ಬೆಳಕಿಂಡಿ ಬಿಟ್ಟಿದ್ದರು. ಬೆಳಗಾದರೆ ಆ ಗೋಡೆ ನೋಡುತ್ತ ನಾನು ರೊಟ್ಟಿ ಬಡಿದದ್ದು ಮೂವತ್ತನಾಲ್ಕು ವರ್ಷ. ಗೋಡೆಯಲ್ಲಿ ಎಷ್ಟು ಬಿರುಕು, ಯಾವ ಬಿರುಕಿನಿಂದ ಎಷ್ಟು ಇರುವೆ ಎಂಬುದು ನನಗೆ ಬಾಯಿಪಾಠ.

ನಮ್ಮವರು "ಆತು" ಎಂದರು. ಎಂದವರೇ ಒಂದು ತಂಬಿಗೆ ನೀರು ಗಟಗಟ ಕುಡಿದರು. ಖುಷಿಯಾಗಿದೆ ಎಂದುಕೊಂಡೆ.

ಶಿಗ್ಗಾವಿ

ಐಷಾರಾಮಿ ಹಡಗಿನ ಟಿಕೆಟ್ಟು ಶಿಗ್ಗಾವಿ ಬಸ್‌ಸ್ಟ್ಯಾಂಡಿನ ಎದುರಿಗೆ ಸಿಗುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿ ನಸ್ರೀನ್ ಅಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಜೊತೆಗೆ ಉಮ್ರಾ ಯಾತ್ರೆಗೆ ಜನರನ್ನು ಕಳಿಸುತ್ತಾಳೆ, ವಿಮಾನದ ಟಿಕೆಟ್ಟು ತೆಗೆಯುತ್ತಾಳೆ, ಪಾಸ್‌ಪೋರ್ಟಿನ ಅರ್ಜಿ ತುಂಬುತ್ತಾಳೆ. ಸಿಂಗಾಪುರದಿಂದ ಹೊರಟು ಪೆನಾಂಗ್, ಫುಕೆಟ್ ನೋಡಿಸಿ ವಾಪಸು ತರುವ ಹಡಗೊಂದನ್ನು ಅವಳು ಕಂಪ್ಯೂಟರಿನಲ್ಲಿ ತೆರೆದಳು.

"ಅಕ್ಕೋರ, ಇಲ್ಲಿ ಮೂರು ನಮೂನಿ ಖೋಲಿ ಅದಾವ್ರಿ. ಒಂದಕ್ಕ ಬಾಲ್ಕನಿ ಇರತೈತಿ, ಖುರ್ಚಿ ಹಾಕ್ಕೊಂಡು ದರ್ಯಾ ನೋಡ್ಕೋತ ಕುಂದ್ರಬಹುದು. ಇನ್ನೊಂದಕ್ಕ ಬರೇ ಕಿಡಕಿ. ಮೂರನೇದ್ದು ಒಳಗಿಂದು. ಅದಕ್ಕ ಏನೂ ಇಲ್ಲ, ನಾಲ್ಕು ಗ್ವಾಡಿ. ಅದನ್ನ ನಾ ನಿಮಗ ಕೊಡೂದಿಲ್ಲರಿ."

ನಾನು ಬಾಲ್ಕನಿಯ ಚಿತ್ರದ ಮೇಲೆ ಬೆರಳಿಟ್ಟಿದ್ದೆ. ನಮ್ಮವರು ಕೆಮ್ಮಿ, "ತಡೀರಿ. ಖೋಲಿ ಅಂದಮ್ಯಾಲ ಅಣ್ಣನ್ನ ಒಂದು ಮಾತು ಕೇಳಬೇಕು" ಎಂದರು.

ಅಣ್ಣ ಎಂದರೆ ನನ್ನ ಭಾವ. ಹಿರೇಕೆರೂರಿನಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರರು. ನಮ್ಮ ಮನೆತನದಲ್ಲಿ ಅವರನ್ನು ಕೇಳದೆ ಯಾರೂ ದನದ ಕೊಟ್ಟಿಗೆಗೂ ಗೂಟ ಹೊಡೆದಿಲ್ಲ. ಮರುದಿನವೇ ಅಳತೆಯ ಟೇಪು, ಎರಡು ಕನ್ನಡಕ ಸಮೇತ ಅವರೂ ನಮ್ಮ ಜೊತೆ ಶಿಗ್ಗಾವಿಗೆ ಬಂದಿಳಿದರು. ನಸ್ರೀನ್ ಹಡಗಿನ ನಕಾಶೆಯನ್ನು ದೊಡ್ಡ ಹಾಳೆಯಲ್ಲಿ ತೆಗೆದುಕೊಟ್ಟಳು. ಭಾವ ಅದನ್ನು ಮೇಜಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಟೇಪು ಇಟ್ಟು, ಕನ್ಯೆ ನೋಡಲು ಬಂದವರ ಹಾಗೆ ದಿಟ್ಟಿಸಿದರು.

"ಬಾಲ್ಕನಿ ಅಂದ್ರ ಏನವ್ವಾ?" ಎಂದು ನಸ್ರೀನಳನ್ನು ಕೇಳಿದರು.

"ಹೊರಗ ಕುಂದ್ರೂ ಜಾಗಾ ರೀ ಕಾಕಾ."

"ಅಂದ್ರ ಕಟ್ಟಿ. ಮನಿ ಮುಂದಿನ ಕಟ್ಟಿ ಮ್ಯಾಲ ಯಾರು ಕುಂದರತಾರ? ಹಾದಿಗೆ ಹೋಗಾವರು, ಬರಾವರು. ಪಡಸಾಲ್ಯಾಗ ಬೀಗರು. ನಡಮನ್ಯಾಗ? ತಿಜೋರಿ, ಕಾಳಿನ ಚೀಲ, ಬಾಣಂತಿ, ದೇವರು. ಬೆಲೆ ಇದ್ದದ್ದೆಲ್ಲಾ ನಡಮನ್ಯಾಗ ಇರತೈತಿ. ರೊಕ್ಕಾ ಕೊಟ್ಟು ನಮ್ಮ ತಮ್ಮ ಕಟ್ಟಿ ಮ್ಯಾಲ ಮಲಗಬೇಕೇನು?"

"ಕಾಕಾ, ಹಡಗಿನ್ಯಾಗ ಎಲ್ಲಾ ಮಂದಿ ಬಾಲ್ಕನೀನ ಬೇಡತಾರ್ರಿ. ಒಳಗಿಂದು ಎಲ್ಲಾಕಿಂತ ಸಸ್ತಾ."

"ಅವರಿಗೆ ತಿಳುವಳಿಕಿ ಇಲ್ಲ, ಅದಕ್ಕ ಸಸ್ತಾ."

ಭಾವ ಪೆನ್ನು ತೆಗೆದರು. ಮೇಲಿನ ಅಂತಸ್ತು ಬೇಡ, ಮಾಳಿಗೆಯ ಬಿಸಿಲು. ಕೆಳಗಿನದು ಬೇಡ, ತಂಪು ಏರುತ್ತದೆ. ಮೂತಿಯ ಕಡೆ ಬೇಡ, ಹಿಂಬದಿ ಬೇಡ, ಲಿಫ್ಟಿನ ಬಾಜು ಬೇಡ. ಹೀಗೆ ಎಲ್ಲ ಬೇಡಗಳನ್ನೂ ಕಾಟು ಹಾಕುತ್ತ ಹೋಗಿ, ಉದ್ದದಲ್ಲೂ ಅಗಲದಲ್ಲೂ ಎತ್ತರದಲ್ಲೂ ನಟ್ಟನಡುವೆ ಇದ್ದ ಒಂದು ಕೋಣೆಗೆ ಗುಂಡು ಸುತ್ತಿದರು. "ಇದು ಹಡಗಿನ ಹೊಕ್ಕಳ" ಎಂದರು. ನಮ್ಮವರ ಮುಖಕ್ಕೆ ಜೀವ ಬಂತು. ಅಷ್ಟು ಖುಷಿ ಯಾಕೆಂದು ಆಗ ತಿಳಿಯಲಿಲ್ಲ.

ನಸ್ರೀನ್ ನನ್ನ ಕಡೆ ತಿರುಗಿದಳು. "ಅಕ್ಕೋರ, ನೀವು ಹೇಳ್ರಿ."

ಐವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಸುಮ್ಮನಾಗಿಸುತ್ತಿದ್ದ ಅಕ್ಕೋರು ಅಲ್ಲಿ ತಲೆ ಮೇಲೆ ಸೆರಗು ಹೊದ್ದು ಗೋಡೆಗೆ ಒತ್ತಿ ನಿಂತಿದ್ದರು. ಭಾವನ ಎದುರು ನಾನು ಖುರ್ಚಿಯ ಮೇಲೆ ಕುಳಿತವಳಲ್ಲ, ಮಾತಿಗೆ ಮಾತು ಕೊಟ್ಟವಳಲ್ಲ. "ಹಿರಿಯಾರು ಹೇಳಿದಂಗ" ಎಂದೆ. ಪಾಠ ಒಪ್ಪಿಸದೆ ನಿಂತ ಹುಡುಗಿಯನ್ನು ನಾನು ಹೇಗೆ ನೋಡುತ್ತಿದ್ದೆನೋ ಹಾಗೆ ನನ್ನ ವಿದ್ಯಾರ್ಥಿನಿ ನನ್ನನ್ನು ನೋಡಿದಳು. ಊರಿಗೆ ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ದಾರಿಯುದ್ದಕ್ಕೂ ನಾನು ಹೊರಗೆ ನೋಡಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಸಿಂಗಾಪುರ ಬಂದರು

ಹಡಗು ಕಂಡಾಗ ಸಿಟ್ಟು ಒಂದು ಗಳಿಗೆ ಮರೆತುಹೋಯಿತು. ಯಲವಿಗಿ ಸ್ಟೇಶನ್ನಿನ ಪ್ಲಾಟ್‌ಫಾರ್ಮನ್ನು ಎತ್ತಿ ಒಳಗಿಟ್ಟರೂ ಆಚೆ ಈಚೆ ಜಾಗ ಉಳಿಯುವಷ್ಟು ಉದ್ದ. ಅಂತಸ್ತು ಎಣಿಸಲು ಹೋಗಿ ಕುತ್ತಿಗೆ ಹಿಡಿಯಿತು.

ಮನೆಯಲ್ಲಿ ಮಾಡಿದ ತಿನಿಸು ಒಳಗೆ ಒಯ್ಯುವಂತಿಲ್ಲ ಎಂದು ನಸ್ರೀನ್ ಮೊದಲೇ ಹೇಳಿದ್ದಳು. ಅದು ಬೇರೆಯವರಿಗೆ ಹೇಳಿದ್ದು ಎಂದು ನಾನು ತಿಳಿದೆ. ನನ್ನ ಚೀಲದಲ್ಲಿ ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಾಯಾಡಿಸಲು ಒಂದು ಪೊಟ್ಟಣ ಸವಣೂರ ಖಾರ. ತಪಾಸಣೆಯ ಹೆಣ್ಣುಮಗಳು ರೊಟ್ಟಿಯ ಅಟ್ಟಿಯನ್ನು ಹೊರಗೆ ತೆಗೆದು ಉಗುರಿನಿಂದ ಬಡಿದಳು. ಟಕಟಕ ಎಂದಿತು. ಏನಿದು ಎಂದು ಕೇಳಿದಳು. ಬ್ರೆಡ್ ಎಂದೆ. ಅವಳು ಮತ್ತೆ ಬಡಿದು ನೋಡಿ, ಮೇಲಿನ ಅಧಿಕಾರಿಯನ್ನು ಕರೆದಳು. ಅವನೂ ಬಡಿದ. ಕೊನೆಗೆ ಕಸದ ಡಬ್ಬಿಯ ಕಡೆ ಕೈ ತೋರಿಸಿದರು.

ಅನ್ನವನ್ನು ಕಸಕ್ಕೆ ಹಾಕುವುದುಂಟೇ? ನಮ್ಮವರು ಸಾಲಿನಿಂದ ಹೊರಗೆ ಬಂದು, ಹೆಗಲ ಮೇಲಿನ ವಲ್ಲಿಯನ್ನು ನೆಲಕ್ಕೆ ಹಾಸಿ, ರೊಟ್ಟಿಯ ಮೇಲೆ ಚಟ್ನಿ ಹಾಕಿ ಹಂಚತೊಡಗಿದರು. ಮೊದಲು ಒಬ್ಬ ಚೀನೀ ಅಜ್ಜಿ ಎರಡೂ ಕೈ ಚಾಚಿ ಇಸಕೊಂಡಳು. ಅವಳನ್ನು ನೋಡಿ ಅವಳ ಹಿಂದಿನವರು, ಅವರನ್ನು ನೋಡಿ ಇನ್ನಷ್ಟು ಮಂದಿ. ಚಟ್ನಿ ನಾಲಿಗೆಗೆ ತಾಗಿ ಒಬ್ಬ ಬಿಳಿಯ ಮನುಷ್ಯ ಕೆಂಪಾದ, ಆದರೂ ಇನ್ನೊಂದು ಕೇಳಿದ. ಒಂದು ರೊಟ್ಟಿಯೂ ಉಳಿಯಲಿಲ್ಲ. ಮುಂದಿನ ದಿನಗಳಲ್ಲಿ ಹಡಗಿನ ತುಂಬ ಗುರುತಿನವರೇ ಆಗಿ ನಮಗೆ ಬಹಳ ಅನುಕೂಲವಾಯಿತು.

ಹೊಕ್ಕಳ

ಕೋಣೆಯ ಬಾಗಿಲು ತೆರೆದಾಗ ನನಗೆ ಪರಿಚಯದ ಜಾಗಕ್ಕೆ ಬಂದಂತಾಯಿತು. ನಾಲ್ಕು ಗೋಡೆ. ಹಾಸಿಗೆ ಮೆತ್ತಗೆ, ದೀಪ ಬಂಗಾರದ ಬಣ್ಣ, ಗೋಡೆಗೆ ರೇಶಿಮೆಯಂಥ ಕಾಗದ. ಆದರೆ ಗೋಡೆ ಗೋಡೆಯೇ. ಇರುವೆ ಇರಲಿಲ್ಲ, ಅಷ್ಟೇ ಫರಕು. ನಮ್ಮವರು ನಾಲ್ಕೂ ಗೋಡೆ ಮುಟ್ಟಿ ನೋಡಿ, "ಗಟ್ಟಿ ಐತಿ" ಎಂದು ಮಲಗಿದರು.

ಹೊರಡುವ ಮುಂಚೆ ಎಲ್ಲರಿಗೂ ಜೀವರಕ್ಷಕ ಜಾಕೀಟು ತೊಡುವ ಕವಾಯತು ಮಾಡಿಸಿದರು. ಅದು ಮುಗಿದ ಮೇಲೆ ಎಲ್ಲರೂ ಜಾಕೀಟು ಬಿಚ್ಚಿದರು, ನಮ್ಮವರನ್ನು ಬಿಟ್ಟು. ಥಂಡಿ ಎಂದರು. ರಾತ್ರಿ ಊಟದ ಸಭಾಂಗಣಕ್ಕೆ ಕರಿ ಕೋಟಿನವರ ನಡುವೆ ಕಿತ್ತಳೆ ಬಣ್ಣದ ಜಾಕೀಟಿನಲ್ಲಿ ಬಂದು ಕುಳಿತರು. ಬಡಿಸುವವನು ಏನೋ ಅಪಾಯವಾಗಿದೆ ಎಂದು ತಿಳಿದು ತನ್ನ ಮೇಲಿನವನನ್ನು ಕರೆದುಕೊಂಡು ಬಂದ. ನಾನು ತಾಟಿನಿಂದ ತಲೆ ಎತ್ತಲಿಲ್ಲ.

ನಮ್ಮ ಕೋಣೆ ನೋಡಿಕೊಳ್ಳುವವನು ಫಿಲಿಪೀನ್ಸ್ ಕಡೆಯ ಜೋಮಾರ್, ಸದಾ ನಗುವ ಮನುಷ್ಯ. ಅಲ್ಲಿ ಒಂದು ಪದ್ಧತಿ. ಸ್ನಾನದ ಟವೆಲ್ಲನ್ನು ಮಡಚಿ ಮಡಚಿ ಪ್ರಾಣಿಯ ಆಕಾರ ಮಾಡಿ ಹಾಸಿಗೆಯ ಮೇಲೆ ಕೂರಿಸಿ ಹೋಗುತ್ತಾರೆ. ಮೊದಲ ದಿನ ಆನೆ ಮಾಡಿದ್ದ. ದೊಡ್ಡ ಕಿವಿ, ಮುಂದೆ ಬಾಗಿದ ಸೊಂಡಿಲು, ಕುಳಿತ ಭಂಗಿ. ನಮ್ಮವರು ಚಪ್ಪಲಿ ಬಿಟ್ಟರು.

"ಇದನ್ನ ಬಿಚ್ಚಿ ಮೈ ಒರಸ್ಕೊಳ್ಳಾಕ ಆಗತೈತೇನು? ಗಣಪತಿ ಅದಾನ" ಎಂದು ಮೇಜಿನ ಮೇಲೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ತಮ್ಮ ವಲ್ಲಿಯಲ್ಲೇ ಮೈ ಒರೆಸಿಕೊಂಡರು. ಆನೆಯನ್ನು ಇಷ್ಟು ಆದರದಿಂದ ಇಟ್ಟದ್ದು ಕಂಡು ಜೋಮಾರನಿಗೆ ಸಂತೋಷವಾಗಿ, ಮರುದಿನ ಎರಡು ಆನೆ ಮಾಡಿದ. ಅವಕ್ಕೂ ವಿಭೂತಿ ಬಿತ್ತು. ಮೂರನೆಯ ದಿನಕ್ಕೆ ಐದು ಗಣಪತಿಗಳಾಗಿ ಮೇಜು ತುಂಬಿತು. ನನ್ನ ಸೀರೆಯ ಅಂಚಿನಿಂದ ತಲೆ ಒರೆಸಿಕೊಂಡು ನನಗೆ ನೆಗಡಿಯಾಯಿತು. ಭಾವ ಹೇಳಿದ್ದು ಸುಳ್ಳಲ್ಲ, ನಡುಮನೆಯಲ್ಲಿ ದೇವರು ನೆಲೆಸಿಬಿಟ್ಟಿದ್ದ.

ಪೆನಾಂಗ್, ಮತ್ತು ಸಂಜೆ

ಪೆನಾಂಗಿನಲ್ಲಿ ಎಲ್ಲರೂ ಗುಡಿ, ಪೇಟೆ ನೋಡಲು ಹೋದರು. ನಮ್ಮವರು ಇಳಿದ ಕೂಡಲೇ ಹಡಗನ್ನು ಕಟ್ಟಿದ ಹಗ್ಗದ ಹತ್ತಿರ ನಿಂತರು. ತೊಡೆ ಗಾತ್ರದ ಹಗ್ಗ. ಅಂಗೈಯಿಂದ ಸವರಿ, ಎಳೆ ಬಿಡಿಸಿ ನೋಡಲು ಹೋದಾಗ ಕಾವಲಿನವನು ಸೀಟಿ ಊದಿದ. "ನಲವತ್ತು ವರ್ಷ ಹಗ್ಗ ಮಾರೇನಿ, ಇಂಥಾದ್ದು ನೋಡಿಲ್ಲ" ಎಂದು ಅವನಿಗೆ ಕನ್ನಡದಲ್ಲೇ ವಿವರಿಸಿದರು. ಅವನು ತನ್ನ ಭಾಷೆಯಲ್ಲಿ ಏನೋ ಹೇಳಿದ. ಇಬ್ಬರೂ ತಲೆಯಾಡಿಸಿದರು.

ಬಿಸಿಲಲ್ಲಿ ಸುತ್ತಿ ದಣಿದು, ಮಧ್ಯಾಹ್ನ ಊಟ ಮಾಡಿ ಕೋಣೆಯಲ್ಲಿ ಬಿದ್ದುಕೊಂಡೆವು. ದೀಪ ಆರಿಸಿದರೆ ಅಲ್ಲಿ ನೆಲದಡಿ ಕಾಳು ತುಂಬುವ ಹಗೇವಿನ ಒಳಗಿನಂಥ ಕತ್ತಲು. ಎಚ್ಚರವಾದಾಗ ನಮ್ಮವರ ಕೈಗಡಿಯಾರ ಆರೂ ಮುಕ್ಕಾಲು ತೋರಿಸುತ್ತಿತ್ತು. ಮೊಬೈಲು ತೆರೆದರೆ ಬಿಲ್ಲು ಬರುತ್ತದೆ ಎಂದು ನಸ್ರೀನ್ ಹೆದರಿಸಿದ್ದರಿಂದ ಅವು ಬಂದಾಗಿಯೇ ಇದ್ದವು. "ಏಳ್ರಿ ಅಕ್ಕೋರ, ಬೆಳಗಾತು" ಎಂದರು. ರಾತ್ರಿ ಊಟವಿಲ್ಲದೆ ಮಲಗಿಬಿಟ್ಟೆವಲ್ಲ ಎಂದು ಹಳಹಳಿಸಿದೆ. ಇಬ್ಬರೂ ಸ್ನಾನ ಮಾಡಿದೆವು, ಲಿಂಗಪೂಜೆ ಮಾಡಿಕೊಂಡೆವು, ವಿಭೂತಿ ಧರಿಸಿ ಸೂರ್ಯೋದಯ ನೋಡಲು ಮೇಲಿನ ಅಂತಸ್ತಿಗೆ ಹೋದೆವು.

ಸೂರ್ಯ ನೀರಿನ ಮೇಲೆ ಒಂದು ಮೊಳ ಎತ್ತರದಲ್ಲಿ ಕೆಂಪಗೆ ಇದ್ದ. ರೊಟ್ಟಿ ಇಸಕೊಂಡ ಚೀನೀ ಅಜ್ಜಿ ಹಡಗಿನ ಅಂಚಿನ ಕಟಾಂಜನದ ಬಳಿ ನಿಂತು ತನ್ನ ತೋಳು ತೊಡೆಗಳನ್ನು ಪಟಪಟ ಬಡಿದುಕೊಳ್ಳುತ್ತಿದ್ದಳು. ಅದು ಅವರ ವ್ಯಾಯಾಮ. ದೇವರ ಮುಂದೆ ಗಲ್ಲ ಬಡಿದುಕೊಳ್ಳುವ ಹಾಗೆ ಸೂರ್ಯನಿಗೆ ಬಡಿದುಕೊಳ್ಳುತ್ತಾಳೆ ಎಂದು ತಿಳಿದು ನಮ್ಮವರೂ ದೂರದಿಂದಲೇ ಎರಡು ಸಲ ಬಡಿದುಕೊಂಡರು. ನಾನು ಅಜ್ಜಿಗೆ "ಗುಡ್ ಮಾರ್ನಿಂಗ್" ಎಂದೆ. ಅವಳು "ಗುಡ್ ಈವನಿಂಗ್" ಎಂದಳು. ಪಾಪ, ಇಂಗ್ಲಿಷು ಬಾರದು ಎಂದು ಶಿಕ್ಷಕಿಯ ಅಭ್ಯಾಸ ಬಿಡದೆ, "ನೋ ನೋ, ಮಾರ್ನಿಂಗ್" ಎಂದು ತಿದ್ದಿದೆ. ಅವಳು ಸೂರ್ಯನನ್ನು ನೋಡಿದಳು, ನನ್ನನ್ನು ನೋಡಿದಳು, ತಿಂದ ರೊಟ್ಟಿಯ ದಾಕ್ಷಿಣ್ಯಕ್ಕೋ ಏನೋ, "ಮಾರ್ನಿಂಗ್" ಎಂದಳು.

ಸೂರ್ಯನಿಗೆ ದಾಕ್ಷಿಣ್ಯ ಇರಲಿಲ್ಲ. ನಾನು ಕೈ ಎತ್ತಿ, "ನೋಡ್ರಿ, ಅದು ಪೂರ್ವ" ಎಂದು ತೋರಿಸುತ್ತಿರುವಾಗಲೇ ಅವನು ಕೆಳಗಿಳಿದು, ನೀರಿಗೆ ತಾಗಿ, ಮುಳುಗಿಬಿಟ್ಟ.

ಮೂವತ್ತೆರಡು ವರ್ಷದ ಭೂಗೋಳ ಅಲ್ಲಿಗೆ ಮುಗಿಯಿತು. ನಮ್ಮವರು ನನ್ನಿಂದ ಹತ್ತು ಹೆಜ್ಜೆ ಹಿಂದೆ ಕಬ್ಬಿಣದ ಕಂಬ ತಬ್ಬಿಕೊಂಡು, ಜಾಕೀಟು ಕುಲುಕುವಂತೆ ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತ ಅಳು ಬಂತು, ಅದರ ಹಿಂದೆ ಸಿಟ್ಟು ಬಂತು.

"ಬೆಳಗ್ಗೋ ಸಂಜಿನೋ ತಿಳೀದಂಥಾ ಖೋಲಿ ಹಿಡಿದ್ರಿ. ಕಿಡಕಿ ಅಂತ ಬಾಯಿಬಿಟ್ಟು ಕೇಳಿದ್ದೆ ನಾ. ಇಲ್ಲಿ ಬಂದ್ರ ಹತ್ತು ಮಾರು ದೂರ ನಿಂದರ್ತೀರಿ. ನಿಮಗ ಬ್ಯಾಡಾಗಿದ್ರ ಹಾನಗಲ್ಲದಾಗ ಹೇಳಬೇಕಿತ್ತು" ಎಂದೆ.

ಅವರ ನಗು ನಿಂತಿತು. ಕಂಬ ಬಿಡದೆ ನೆಲ ನೋಡುತ್ತ ಹೇಳಿದರು.

"ಒಂಬತ್ತು ವರ್ಷದಾಂವ ಇದ್ದೆ. ಎಮ್ಮಿ ಮೈ ತೊಳ್ಯಾಕ ಆನಿಕೆರಿಗೆ ಇಳದಿದ್ದೆ. ಎಮ್ಮಿ ಬಾಲ ಹಿಡಕೊಂಡು ಒಳಗ ಹ್ವಾದೆ, ಬಾಲ ಕೈ ಬಿಟ್ಟು ಹೋತು. ಕಣ್ಣು ತೆರದ್ರ ಮ್ಯಾಲ ಕೆಳಗ ಎಲ್ಲಾ ಹಸರು. ಯಾರೋ ಕೂದಲಾ ಹಿಡದು ಎಳದು ಹಾಕಿದ್ರು. ಅವತ್ತಿನಿಂದ ನೀರು ನೋಡಿದ್ರ ಏನಾದ್ರೂ ಗಟ್ಟಿ ಹಿಡಕೋಬೇಕು ಅನಿಸತೈತಿ. ಅಣ್ಣ ನಡಮನಿ ಅಂದಾಗ ಜೀವ ಬಂತು. ಗ್ವಾಡಿ ಇದ್ರ ನೀರು ಕಾಣೂದಿಲ್ಲ, ಮಲಗಬಹುದು ಅನಿಸ್ತು."

ವರದಾ ನದಿಯ ಸೇತುವೆ ಬಂದಾಗಲೆಲ್ಲ ಅವರು ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು ನೆನಪಾಯಿತು. ನಾನು ಅದನ್ನು ದೇವರ ಧ್ಯಾನ ಎಂದುಕೊಂಡಿದ್ದೆ.

"ಮತ್ತ ಹಡಗಿಗೆ ಯಾಕ ಹೂಂ ಅಂದ್ರಿ?"

"ನೀ ಕೇಳಿದ್ಯಲ್ಲ. ಮೂವತ್ತನಾಕು ವರ್ಷದಾಗ ಬ್ಯಾರೆ ಏನೂ ಕೇಳಿಲ್ಲ ನೀ" ಎಂದರು. ಅಕ್ಕೋರ ಎನ್ನಲಿಲ್ಲ.

ನನ್ನ ಸಿಟ್ಟು ನಿಲ್ಲಲು ಜಾಗವಿಲ್ಲದೆ ಹೊರಟುಹೋಯಿತು. ಹೋಗಿ ಕಂಬದ ಬುಡದಲ್ಲಿ ಅವರ ಪಕ್ಕ ಕುಳಿತೆ. ಕಿಟಕಿಯ ಹುಚ್ಚು ನನಗೆ ಯಾಕೆ ಹಿಡಿಯಿತು ಎಂದು ಹೇಳಿದೆ. ಗೋಡೆ, ಬಿರುಕು, ಇರುವೆ, ಎಲ್ಲ. ಅವರು ನನ್ನ ಕಡೆ ತಿರುಗಿ, "ಅಡಗಿ ಮನಿಗೆ ಕಿಡಕಿ ಇಲ್ಲೇನು?" ಎಂದು ಕೇಳಿದರು. ಆ ಮನೆಯಲ್ಲೇ ಹುಟ್ಟಿದವರು. ಊಟಕ್ಕೆ ಸದಾ ಪಡಸಾಲೆಯಲ್ಲಿ ಕುಳಿತವರಿಗೆ ಅದು ಗಮನಕ್ಕೇ ಬಂದಿರಲಿಲ್ಲ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಕೊನೆಯ ಬೆಳಗು

ಮರುದಿನ ಅವರೇ ಹೋಗಿ ಜೋಮಾರನನ್ನು ಹಿಡಿದು, ಬಾಲ್ಕನಿಯ ಕೋಣೆ ಬೇಕು ಎಂದು ಕೈಸನ್ನೆಯಲ್ಲಿ ಕೇಳಿದರಂತೆ. ಹಡಗು ಭರ್ತಿಯಾಗಿತ್ತು. ಅವನು ವಿಚಾರಿಸಿ ಬಂದು ಇಲ್ಲ ಎಂದು ತಲೆಯಾಡಿಸಿ, ಸಮಾಧಾನಕ್ಕೆ ಇನ್ನೊಂದು ಆನೆ ಮಾಡಿಕೊಟ್ಟ.

ಹಡಗು ಸಿಂಗಾಪುರಕ್ಕೆ ಮರಳುವ ದಿನ ನಸುಕಿನಲ್ಲೇ ನಮ್ಮವರು ನನ್ನನ್ನು ಎಬ್ಬಿಸಿ ಮೇಲೆ ಕರೆದುಕೊಂಡು ಹೋದರು. ಈ ಸಲ ಬೆಳಗೇ ಎಂದು ಜೋಮಾರನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಲಿಲ್ಲ. ಒಂದೊಂದೇ ಹೆಜ್ಜೆ ಊರುತ್ತ ಕಟಾಂಜನದವರೆಗೂ ಬಂದು, ಸಮುದ್ರಕ್ಕೆ ಬೆನ್ನು ಮಾಡಿ ನಿಂತರು. ಕಣ್ಣು ಮುಚ್ಚಿದ್ದರು, ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿತ್ತು. ನನ್ನ ಸೆರಗಿನ ತುದಿಯನ್ನು ತಡಕಾಡಿ ಹಿಡಿದು ಜಾಕೀಟಿನ ಪಟ್ಟಿಗೆ ಗಂಟು ಹಾಕಿದರು. ಎಮ್ಮೆ ಕಟ್ಟುವ ಗಂಟು. ಎಷ್ಟು ಎಳೆದರೂ ಬಿಚ್ಚುವುದಿಲ್ಲ ಎಂದು ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸುತ್ತಾರೆ.

"ನೀ ನೋಡು. ನಾ ಇಲ್ಲೇ ಅದೇನಿ" ಎಂದರು.

ಗೋಕರ್ಣದಲ್ಲಿ ನಾನು ನಿಂತ ಹಾಗೇ ನಿಂತಿದ್ದರು. ನಾನು ಸಮುದ್ರ ನೋಡಿದೆ. ಪಾಠ ಹೇಳುವಾಗ ನೀಲಿ ಎನ್ನುತ್ತಿದ್ದೆ. ನಸುಕಿನಲ್ಲಿ ಅದು ತೊಳೆದಿಟ್ಟ ಬೂದಿ ಬಣ್ಣ, ಆಮೇಲೆ ತಾಮ್ರ, ಆಮೇಲೆ ನೋಡಲಾಗದಷ್ಟು ಬಿಳುಪು. ಎದುರಿಗೆ ಏನೂ ಇರಲಿಲ್ಲ. ಎಷ್ಟು ದೂರ ನೋಡಿದರೂ ಕಣ್ಣು ಯಾವುದಕ್ಕೂ ಬಡಿಯಲಿಲ್ಲ. ನನಗೆ ತುಂಬ ಸುಖವಾಯಿತು. ಚೀನೀ ಅಜ್ಜಿ ಬಂದು ನಮ್ಮ ಗಂಟು ನೋಡಿ ನಕ್ಕು, ಸೂರ್ಯನ ಕಡೆ ಬೆರಳು ಮಾಡಿ, ಪರೀಕ್ಷೆ ಬರೆಯುವವಳ ಹಾಗೆ "ಮಾರ್ನಿಂಗ್?" ಎಂದು ಕೇಳಿದಳು. ಹೌದು ಎಂದೆ.

ಮತ್ತೆ ಹಾನಗಲ್ಲ

ಬಂದ ವಾರವೇ ನಮ್ಮವರು ಹಿರೇಕೆರೂರಿಗೆ ಫೋನು ಮಾಡಿ ಭಾವನನ್ನು ಕರೆಸಿದರು. ಅಡುಗೆ ಮನೆಯ ಗೋಡೆ ಒಡೆಯಬೇಕು ಎಂದದ್ದಕ್ಕೆ ಭಾವ ಹೌಹಾರಿದರು. "ಅಡಗಿ ಮ್ಯಾಲ ಮಂದಿ ಕಣ್ಣು ಬೀಳತಾವೋ ತಮ್ಮಾ" ಎಂದರು.

"ಅಣ್ಣಾ, ಹಡಗಿನ್ಯಾಗ ನಿನ್ನ ಮಾತು ನಡಸೇವಿ. ಇಲ್ಲಿ ಇಕಿ ಮಾತು ನಡೀಲಿ."

ಭಾವ ಗೊಣಗುತ್ತ ಟೇಪು ಹಿಡಿದು, ಎರಡು ಗೇಣು ಅಗಲದ ಚೌಕ ಗುರುತು ಮಾಡಿದರು. ನಾನು ಗೋಡೆಗೆ ಒತ್ತಿ ನಿಂತಿದ್ದೆ, ತಲೆ ಮೇಲೆ ಸೆರಗಿತ್ತು. ಗಂಟಲು ಸರಿ ಮಾಡಿಕೊಂಡು, "ಇನ್ನೊಂದು ಮೊಳ ಅಗಲ ಮಾಡ್ರಿ ಭಾವಾರ" ಎಂದೆ. ಭಾವ ಟೇಪು ಹಿಡಿದ ಕೈ ಹಾಗೇ ಬಿಟ್ಟು ತಿರುಗಿ ನೋಡಿದರು. ನನ್ನ ದನಿ ಅವರು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು. ಆಮೇಲೆ ಗೆರೆಯನ್ನು ಒಂದು ಮೊಳ ಸರಿಸಿದರು.

ಕಿಟಕಿಯಾಚೆ ನಮ್ಮ ಹಿತ್ತಲು. ಒಂದು ನುಗ್ಗೆ ಗಿಡ, ಬಟ್ಟೆ ಒಣಗಿಸುವ ಹಗ್ಗ, ಅದರಾಚೆ ಪಕ್ಕದ ಮನೆಯವರ ಎಮ್ಮೆ. ಸಿಮೆಂಟು ಒಣಗಿದ ಮೇಲೆ ಮೊದಲ ದಿನ ನಾನು ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ನಿಂತೆ. ನಮ್ಮವರು ತಾಟು ಹಿಡಿದು ಪಡಸಾಲೆಗೆ ಹೋಗದೆ ಅಡುಗೆ ಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಕುಳಿತರು.

"ಕಾಣತೈತೇನು?" ಎಂದು ಕೇಳಿದರು.

"ಕಾಣತೈತ್ರಿ" ಎಂದೆ. ಎಮ್ಮೆ ಮೆಲುಕು ಹಾಕುತ್ತಿತ್ತು. ಹಗ್ಗದ ಮೇಲೆ ಅವರ ವಲ್ಲಿ ಗಾಳಿಗೆ ಆಡುತ್ತಿತ್ತು. ನೋಡುತ್ತ ನಿಂತೆ, ಹೊಗೆಯ ವಾಸನೆ ಬರುವವರೆಗೂ ನೋಡಿದೆ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ರೊಟ್ಟಿ ಹೊತ್ತಿತ್ತು. ಬೇರೆ ಮಾಡಿಕೊಡುತ್ತೇನೆ ಎಂದರೂ ಕೇಳದೆ ಅವರು ಅದನ್ನೇ ಮುರಿದುಕೊಂಡು ತಿಂದರು.